ಪಡೆಯುವುದಕ್ಕೂ ಬೇಕು ನಮ್ರತೆ

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ಕ್ರೈಸ್ತ ವಿಶ್ವಾಸವನ್ನು ನಿತ್ಯದ ಬದುಕಿನಲ್ಲಿ ಪಾಲಿಸುವುದು ಹೇಗೆ ಎಂದು ಕೇಳಿದರೆ ಹೆಚ್ಚಿನವರು ತಡವರಿಸದೆ, ವಿನಯದಿಂದ ಇರಬೇಕು, ಇತರರಿಗೆ ದಯೆ ತೋರಬೇಕು ಎಂದು ಉತ್ತರಿಸುತ್ತಾರೆ. ಉತ್ತರ ಸರಿಯಾದದ್ದೇ. ಆದರೆ ದಯೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಚಿತ್ರದಲ್ಲಿ ಕೊಡುವವರು ಯಾವಾಗಲೂ ನಾವು, ಕೈಯೊಡ್ಡಿ ನಿಂತವರು ಯಾವಾಗಲೂ ಬೇರೆಯವರು. ಹೀಗೆ ಕೊಡುತ್ತಲೇ ಇರುವವನಲ್ಲಿ ನಮ್ರತೆ ಉಳಿಯುವುದು ಬಹಳ ಕಷ್ಟವೆಂದು ನನಗೆ ಅನ್ನಿಸುತ್ತದೆ. ಇನ್ನೊಬ್ಬರಿಂದ ಪಡೆಯುವುದಕ್ಕೆ ಬೇಕಾದ ನಮ್ರತೆಯ ಕುರಿತು ನಮ್ಮ ದೇವಾಲಯಗಳಲ್ಲಿ ಪ್ರಬೋಧನೆ ಕೇಳಿಬರುವುದು ಅಪರೂಪ. ಇಂದಿನ ಈ ಮಾತುಗಳು ಅದರ ಬಗ್ಗೆ.

ಬೈಬಲಿನ ಯೊವಾನ್ನನ ಶುಭಸಂದೇಶದ 13ನೆಯ ಅಧ್ಯಾಯದ ಘಟನೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವಂಥದ್ದು. ಮರಣದ ಹಿಂದಿನ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತಿದ್ದ ಯೇಸುಸ್ವಾಮಿ ಪಂಕ್ತಿಯಿಂದ ಎದ್ದು, ಮೇಲಂಗಿಯನ್ನು ತೆಗೆದಿಟ್ಟು, ಸೊಂಟಕ್ಕೆ ಒಂದು ವಸ್ತ್ರವನ್ನು ಸುತ್ತಿಕೊಂಡು, ಬೋಗುಣಿಗೆ ನೀರು ಸುರಿದು, ಒಬ್ಬೊಬ್ಬರ ಪಾದಗಳನ್ನೇ ತೊಳೆದು ಒರೆಸತೊಡಗಿದರು. ಧೂಳಿನ ಹಾದಿಯಲ್ಲಿ ನಡೆದು ಬಂದವರ ಕಾಲು ತೊಳೆಯುವುದು ಆ ಕಾಲದಲ್ಲಿ, ಆ ನಾಡಿನಲ್ಲಿ ಮನೆಯ ಆಳುಗಳ ಕೆಲಸವಾಗಿತ್ತು. ಅದೇ ಊಟದ ಹೊತ್ತಿನಲ್ಲಿ, ತಮ್ಮಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂಬ ವಾಗ್ವಾದ ಶಿಷ್ಯರ ನಡುವೆ ಎದ್ದಿತ್ತೆಂದು ಲೂಕನು ತನ್ನ ಶುಭಸಂದೇಶದಲ್ಲಿ ಬರೆದಿದ್ದಾನೆ. ಅಂಥ ವಾದದಲ್ಲಿ ಮುಳುಗಿದವರಲ್ಲಿ ಯಾರು ತಾನೇ ಎದ್ದು ಹೋಗಿ ನೀರು ತಂದಾರು? ಇನ್ನೊಂದು ಸಂಗತಿಯನ್ನು ಓದುವಾಗ ನಾವು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಯೂದನು ಪಂಕ್ತಿಯಿಂದ ಎದ್ದು ಕತ್ತಲೆಗೆ ಹೋದದ್ದು ಇದಾದ ಮೇಲೆ. ಎಂದರೆ, ತಮ್ಮನ್ನು ಹಿಡಿದುಕೊಡಲಿದ್ದವನ ಪಾದಗಳನ್ನೂ ಯೇಸುಸ್ವಾಮಿ ತೊಳೆದು ಒರೆಸಿದ್ದರು.

ಆ ಕೋಣೆಯಲ್ಲಿ ಬೇಡವೆಂದು ಬಾಯಿಬಿಟ್ಟು ಹೇಳಿದವನು ಪೇತ್ರ ಒಬ್ಬನೇ. ನೀವು ನನ್ನ ಪಾದಗಳನ್ನು ತೊಳೆಯುವುದೆಂದರೇನು, ಅದು ಎಂದಿಗೂ ಆಗದು ಎಂದು ಅವನು ಹಟ ಹಿಡಿದ. ಮೇಲ್ನೋಟಕ್ಕೆ ಇದು ವಿನಯದ ಮಾತು. ಗುರುವಿನ ಕೈಯಿಂದ ಕಾಲು ತೊಳೆಸಿಕೊಳ್ಳಲು ಯಾವ ಶಿಷ್ಯನಿಗೆ ತಾನೇ ಮನಸ್ಸು ಬಂದೀತು? ಆದರೂ ಯೇಸುಸ್ವಾಮಿ ಅದನ್ನು ಮೆಚ್ಚಲಿಲ್ಲ. ನಾನು ನಿನ್ನನ್ನು ತೊಳೆಯದಿದ್ದರೆ ನಿನಗೆ ನನ್ನೊಡನೆ ಪಾಲೇ ಇಲ್ಲವೆಂದು ಅವರು ಕೊಟ್ಟ ಉತ್ತರ ಇಡೀ ಶುಭಸಂದೇಶದಲ್ಲಿ ಪೇತ್ರನಿಗೆ ಸಿಕ್ಕ ಅತಿ ಖಡಕ್ಕಾದ ಉತ್ತರಗಳಲ್ಲಿ ಒಂದು. ಪೇತ್ರನ ಬೇಡವೆಂಬ ಮಾತಿನೊಳಗೆ, ತಾನು ಯಾರ ಮುಂದೆಯೂ ಕಾಲು ಚಾಚಿ ಕೂರುವ ಸ್ಥಿತಿಯಲ್ಲಿಲ್ಲ, ತನಗೆ ಯಾರ ಆರೈಕೆಯೂ ಬೇಕಿಲ್ಲ ಎಂಬ ಬಿಗುಮಾನವೂ ಸೇರಿಕೊಂಡಿತ್ತು. ಆ ಬಿಗುಮಾನ ಕರಗದೆ ಮುಂದೆ ಅವನು ಯಾರ ಕಾಲು ತೊಳೆದರೂ ಅದು ಒಡೆಯನೊಬ್ಬ ತೋರಿದ ಔದಾರ್ಯವಾಗುತ್ತಿತ್ತೇ ಹೊರತು ಸೇವೆಯಾಗುತ್ತಿರಲಿಲ್ಲ.

ನಮ್ಮ ದೇವಾಲಯಗಳಲ್ಲಿ ಪವಿತ್ರ ಗುರುವಾರದ ಸಂಜೆ ಈ ಘಟನೆಯ ಸ್ಮರಣೆಗಾಗಿ ಗುರುಗಳು ಹನ್ನೆರಡು ಮಂದಿಯ ಪಾದಗಳನ್ನು ತೊಳೆಯುತ್ತಾರೆ. 2013ರಲ್ಲಿ, ಪೋಪ್ ಫ್ರಾನ್ಸಿಸ್ ಆಯ್ಕೆಯಾಗಿ ಕೆಲವೇ ದಿನಗಳಾಗಿದ್ದಾಗ, ರೋಮ್ ನಗರದ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಅಲ್ಲಿನ ಹನ್ನೆರಡು ಮಂದಿ ಯುವಬಂದಿಗಳ ಪಾದಗಳನ್ನು ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. 2016ರಲ್ಲಿ ಈ ವಿಧಿಗೆ ಮಹಿಳೆಯರನ್ನೂ ಆರಿಸಬಹುದೆಂಬ ಆದೇಶ ಹೊರಬಿತ್ತು. ಆದರೆ ನಮ್ಮೂರುಗಳ ಹನ್ನೆರಡು ಮಂದಿಯನ್ನು ಗಮನಿಸಿ ನೋಡಿ. ಆಯ್ಕೆಯಾದವರು ಮನೆಯಲ್ಲೇ ಸೋಪು ಹಚ್ಚಿ, ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ, ಉಗುರು ಕತ್ತರಿಸಿಕೊಂಡು ಬಂದಿರುತ್ತಾರೆ. ತೊಳೆದ ಪಾದಗಳನ್ನೇ ಗುರುಗಳು ಮತ್ತೆ ತೊಳೆಯುತ್ತಾರೆ. ನಗು ಬರುವ ಸಂಗತಿಯಾದರೂ ನಮ್ಮ ಸ್ವಭಾವ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಕೊಳೆಯನ್ನು ಇನ್ನೊಬ್ಬರು ನೋಡುವುದು ನಮಗೆ ಒಗ್ಗದು.

ಯೇಸುಸ್ವಾಮಿ ಸ್ವತಃ ಈ ವಿಷಯದಲ್ಲಿ ಹೇಗೆ ನಡೆದುಕೊಂಡರು? ಶಿಷ್ಯರ ಪಾದಗಳನ್ನು ತೊಳೆಯುವುದಕ್ಕೆ ಕೆಲವು ದಿನಗಳ ಹಿಂದೆ ಬೆಥಾನಿಯಲ್ಲಿ ಮರಿಯ ಎಂಬಾಕೆ ಅವರ ಪಾದಗಳಿಗೆ ಬೆಲೆಬಾಳುವ ಸುಗಂಧತೈಲವನ್ನು ಹಚ್ಚಿ ತನ್ನ ಕೂದಲಿನಿಂದ ಒರೆಸಿದ್ದಳು. ಅದನ್ನು ಮುನ್ನೂರು ದೆನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲವೇ ಎಂದು ಲೆಕ್ಕ ತೆಗೆದವನು ಯೂದ. ಒಂದು ದೆನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಹಾಗಾಗಿ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಯೇಸುಸ್ವಾಮಿ ಆಕೆಯನ್ನು ತಡೆಯಲಿಲ್ಲ, ಸಂಕೋಚದಿಂದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಅದಕ್ಕಿಂತ ಮೊದಲು ಸಮಾರಿಯದ ಬಾವಿಯ ಬಳಿ, ಬಿಸಿಲಿನಲ್ಲಿ ದಣಿದು ಕುಳಿತಿದ್ದಾಗ, ನೀರಿಗೆ ಬಂದ ಪರಕುಲದ ಹೆಂಗಸಿನೊಂದಿಗೆ ಅವರು ಆಡಿದ ಮೊದಲ ಮಾತು ಕುಡಿಯಲು ನೀರು ಕೊಡು ಎಂಬುದಾಗಿತ್ತು. ಯೆಹೂದ್ಯರು ಸಮಾರಿಯದವರೊಡನೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ; ಅವರ ಕೊಡದ ನೀರು ಕುಡಿಯುವುದಂತೂ ದೂರದ ಮಾತು. ಆಕೆಗೆ ಹೇಳಬೇಕಾದ ದೊಡ್ಡ ಮಾತುಗಳೆಲ್ಲ ಅವರ ಬಳಿ ಇದ್ದವು. ಆದರೂ ಮೊದಲು ಅವರು ಆಕೆಯ ಮುಂದೆ ಬಾಯಾರಿದ ಮನುಷ್ಯನಾಗಿ ನಿಂತರು. ಕೊಡುವ ಅಧಿಕಾರವನ್ನು ಆಕೆಯ ಕೈಗೆ ಒಪ್ಪಿಸಿದ ಮೇಲೆಯೇ ಅವರು ಮಾತು ಮುಂದುವರಿಸಿದ್ದು.

ಈಗ ನಮ್ಮ ಕರಾವಳಿಗೆ ಬರೋಣ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಜನಾಮ್ ಎಂಬ ಯುವಕ ತನ್ನ ಕೆಲವು ಸಂಗಡಿಗರೊಂದಿಗೆ ಆರಂಭಿಸಿದ ಸಂತ ವಿನ್ಸೆಂಟ್ ದ ಪೌಲರ ಸಭೆ ಮಂಗಳೂರು ಕಡೆಯ ಧರ್ಮಕೇಂದ್ರಗಳಲ್ಲಿಯೂ ಕೆಲಸ ಮಾಡುತ್ತಿದೆ. ಬಡವರನ್ನು ಕಚೇರಿಗೆ ಕರೆಸಿ ಸಹಾಯ ಹಂಚದೆ, ಸದಸ್ಯರೇ ಇಬ್ಬಿಬ್ಬರಾಗಿ ಅವರ ಮನೆಗೆ ಹೋಗಿ ಕುಳಿತು ಮಾತನಾಡಬೇಕೆಂಬುದು ಆ ಸಭೆಯ ಹಳೆಯ ಪದ್ಧತಿ. ಮನೆಗೆ ಹೋಗುವುದರಲ್ಲಿರುವ ಮರ್ಮ ಹೋದವರಿಗೆ ಗೊತ್ತು. ಕಚೇರಿಯಲ್ಲಿ ಕುರ್ಚಿ ನಮ್ಮದು. ಅವರ ಮನೆಯಲ್ಲಿ ಕುರ್ಚಿ ಕೊಡುವವರು ಅವರು. ಇರುವ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಮನೆಯಾಕೆ ಸೆರಗಿನಿಂದ ಒರೆಸಿ ಮುಂದಿಡುತ್ತಾರೆ. ನಮ್ಮ ಕರಾವಳಿಯ ರೂಢಿಯಂತೆ ಒಳಗಿನಿಂದ ನೀರು ಬೆಲ್ಲ ಬರುತ್ತದೆ: ಸ್ಟೀಲಿನ ಲೋಟದಲ್ಲಿ ನೀರು, ಚಿಕ್ಕ ತಟ್ಟೆಯಲ್ಲಿ ಬೆಲ್ಲದ ಒಂದು ತುಂಡು. ಬಂದವರು ಆಗ ಬೇಡಮ್ಮ, ಈಗಷ್ಟೇ ಕುಡಿದು ಬಂದೆವು ಎಂದುಬಿಟ್ಟರೆ ಆ ಭೇಟಿ ಅಲ್ಲಿಗೆ ಮುಗಿದಂತೆಯೇ. ತಂದ ಅಕ್ಕಿ ಆಕೆಯ ಮನೆಯಲ್ಲಿ ಉಳಿಯಬಹುದು, ಬಂದವರ ಬಗ್ಗೆ ಆದರ ಉಳಿಯದು. ಇವರ ಕಷ್ಟಕ್ಕೆ ನಮ್ಮದನ್ನು ಇನ್ನಷ್ಟು ಸೇರಿಸುವುದೇಕೆ ಎಂಬ ಸದುದ್ದೇಶದಿಂದಲೇ ನಾವು ಬೇಡವೆನ್ನುತ್ತೇವೆ. ಆದರೆ ಆ ಬೆಲ್ಲದ ತುಂಡಿನ ಮೂಲಕ ಆಕೆ ತಾನೂ ಒಬ್ಬ ಮನೆಯೊಡತಿಯೆಂಬುದನ್ನು ನಮಗೆ ತಿಳಿಸುತ್ತಿರುತ್ತಾರೆ. ಬಾಯಿಗೆ ಹಾಕಿಕೊಳ್ಳುವುದೇ ಅದಕ್ಕೆ ಸರಿಯಾದ ಉತ್ತರ.

ಇದಕ್ಕೆ ತೀರ ವಿರುದ್ಧವಾದ ನೋಟವೊಂದನ್ನು ಇತ್ತೀಚಿನ ವರ್ಷಗಳಲ್ಲಿ ನಾವೆಲ್ಲರೂ ನೋಡಿ ನೋಡಿ ಬೇಸತ್ತಿದ್ದೇವೆ. ಹಿಂದೆ ಬ್ಯಾನರು, ಮುಂದೆ ಸಾಲಾಗಿ ನಿಂತ ದಾನಿಗಳು, ನಡುವೆ ಅಕ್ಕಿಚೀಲದ ಒಂದು ಮೂಲೆಯನ್ನು ಹಿಡಿದು ಕ್ಯಾಮೆರಾದತ್ತ ನೋಡಲೇಬೇಕಾದ ಒಬ್ಬ ಮುದುಕಿ. ಐದು ಕಿಲೋ ಅಕ್ಕಿಗೆ ಆಕೆ ತೆತ್ತ ಬೆಲೆ ಆಕೆಯ ಮುಖ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆಂದು ಮತ್ತಾಯನ ಶುಭಸಂದೇಶದಲ್ಲಿ ಓದುವ ನಾವೇ ಇಂಥ ಚಿತ್ರಗಳನ್ನು ಧರ್ಮಕೇಂದ್ರದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿ ಅಭಿನಂದನೆಗಳಿಗಾಗಿ ಕಾಯುತ್ತೇವೆ. ದಾನಿಗಳಿಗೆ ಲೆಕ್ಕ ತೋರಿಸಬೇಕಾಗುತ್ತದೆ ಎಂಬ ಸಮಾಧಾನವನ್ನು ನಾನೂ ಕೇಳಿದ್ದೇನೆ. ಲೆಕ್ಕ ತೋರಿಸಲು ರಶೀದಿ ಸಾಕು.

ಪಡೆಯುವ ನಮ್ರತೆಯನ್ನು ಕೊನೆಯವರೆಗೆ ಪಾಲಿಸಿದ ಒಬ್ಬರ ಹೆಸರು ಹೇಳಬೇಕೆಂದರೆ ನನಗೆ ನೆನಪಾಗುವವರು ಸಂತ ಡೇಮಿಯನ್. ಬೆಲ್ಜಿಯಂ ದೇಶದಲ್ಲಿ 1840ರಲ್ಲಿ ಹುಟ್ಟಿದ ಈ ಗುರುಗಳು 1873ರಲ್ಲಿ ಹವಾಯಿ ದ್ವೀಪಸಮೂಹದ ಮೊಲೊಕಾಯಿ ದ್ವೀಪಕ್ಕೆ ಹೋದರು. ಕುಷ್ಠರೋಗಿಗಳನ್ನು ಮನೆಮಠಗಳಿಂದ ಬೇರ್ಪಡಿಸಿ, ಒಂದು ಕಡೆ ಕಡಿದಾದ ಬೆಟ್ಟಗೋಡೆ, ಉಳಿದ ಕಡೆಗಳಲ್ಲಿ ಕಡಲು ಇರುವ ಚಾಚು ನೆಲಕ್ಕೆ ಸರ್ಕಾರ ಸಾಗಿಸುತ್ತಿದ್ದ ಕಾಲ ಅದು. ಇಂದು ಔಷಧದಿಂದ ಪೂರ್ತಿ ಗುಣವಾಗುವ ಆ ರೋಗಕ್ಕೆ ಅಂದು ಔಷಧವಿರಲಿಲ್ಲ. ಡೇಮಿಯನ್ ಅಲ್ಲಿ ಮನೆಗಳನ್ನು ಕಟ್ಟಿದರು, ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟಿದರು, ಶವಪೆಟ್ಟಿಗೆಗಳನ್ನು ತಾವೇ ಮಾಡಿದರು. ಇವೆಲ್ಲ ಕೊಡುವ ಕೆಲಸಗಳು. ಬಹಳ ದೊಡ್ಡ ಕೆಲಸಗಳು. ಆದರೆ ಅಲ್ಲಿನ ಜನ ಅವರನ್ನು ತಮ್ಮವರೆಂದು ಬಗೆದದ್ದು ಇವುಗಳಿಂದ ಮಾತ್ರವೇ ಆಗಿರಲಾರದು. ಅಂದು ಹವಾಯಿಯವರ ನಿತ್ಯದ ಆಹಾರ ಪೋಯಿ. ನಮ್ಮ ಕೆಸುವಿನ ಗಡ್ಡೆಯಂಥ ಗಡ್ಡೆಯನ್ನು ಬೇಯಿಸಿ ಜಜ್ಜಿ ಮಾಡುವ ಅಂಟಾದ ಹಿಟ್ಟು. ಎಲ್ಲರೂ ಒಂದೇ ಪಾತ್ರೆಯ ಸುತ್ತ ಕುಳಿತು ಅದನ್ನು ಬೆರಳಿನಿಂದ ತೆಗೆದು ತಿನ್ನುತ್ತಿದ್ದರು. ಡೇಮಿಯನ್ ರೋಗಿಗಳ ಜೊತೆ ಕುಳಿತು ಅದೇ ಪಾತ್ರೆಗೆ ಕೈಹಾಕಿದರು. ಕೆಲವು ವರ್ಷಗಳ ಬಳಿಕ ರೋಗ ಅವರಿಗೂ ತಗುಲಿತು. 1889ರ ಏಪ್ರಿಲ್ 15ರಂದು ಅವರು ತೀರಿಕೊಂಡರು. ಅವರು ಎಚ್ಚರಿಕೆಯಿಂದ ಇರಬೇಕಿತ್ತೆಂದು ವೈದ್ಯರು ಹೇಳಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಊರೇ ತಮ್ಮ ನೆರಳಿಗೂ ಹೇಸುತ್ತಿದ್ದಾಗ ತಮ್ಮ ಮನೆಯ ಊಟವನ್ನು ಉಂಡ ಒಬ್ಬ ಮನುಷ್ಯನನ್ನು ಕಂಡ ಆ ರೋಗಿಗಳಿಗೆ ಏನನ್ನಿಸಿದ್ದೀತು ಎಂಬುದನ್ನು ವೈದ್ಯಶಾಸ್ತ್ರ ಅಳೆಯಲಾರದು. ಅವರು ತೀರಿಕೊಂಡ ಮರುವರ್ಷ, 1890ರಲ್ಲಿ, ಜರ್ಮನಿಯಿಂದ ಬಂದ ಫಾದರ್ ಅಗಸ್ಟಸ್ ಮುಲ್ಲರ್ ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಮವನ್ನು ತೆರೆದರು. ಅದಕ್ಕೆ ಹತ್ತು ವರ್ಷ ಮೊದಲು ಅವರು ಬಡವರಿಗಾಗಿ ಆರಂಭಿಸಿದ್ದ ಹೋಮಿಯೋಪಥಿ ಔಷಧಾಲಯವೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ.

ನಮ್ರತೆಯ ಬಗ್ಗೆ ಕ್ರೈಸ್ತರು ಅತಿ ಹೆಚ್ಚಾಗಿ ನೆನೆಯುವ ವಾಕ್ಯಗಳು ಪ್ರೇಷಿತ ಪೌಲನು ಫಿಲಿಪ್ಪಿ ಎಂಬ ಊರಿನ ಕ್ರೈಸ್ತ ಸಭೆಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿವೆ. ಕ್ರಿಸ್ತರು ದೇವಸ್ವರೂಪದವರಾಗಿದ್ದರೂ ತಮ್ಮನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ತಾಳಿದರೆಂಬುದು ಅದರ ಸಾರ. ಈ ಎತ್ತರದ ಮಾತುಗಳನ್ನು ಪೌಲನು ಬರೆದದ್ದು ಸೆರೆಯಲ್ಲಿದ್ದಾಗ. ಅದೇ ಪತ್ರದ ಕೊನೆಯ ಅಧ್ಯಾಯದಲ್ಲಿ ಎರಡು ತೀರ ಮನೆಮಟ್ಟದ ಸಂಗತಿಗಳು ಬರುತ್ತವೆ. ಒಂದು, ಯುವೊದಿಯ ಮತ್ತು ಸಿಂತಿಕೆ ಎಂಬ ಇಬ್ಬರು ಮಹಿಳೆಯರು ತಮ್ಮ ಮನಸ್ತಾಪವನ್ನು ಬಿಟ್ಟು ಒಂದಾಗಬೇಕೆಂಬ ಬೇಡಿಕೆ. ಇನ್ನೊಂದು, ಫಿಲಿಪ್ಪಿಯವರು ಕಳುಹಿಸಿದ ಸಹಾಯ ಕೈಸೇರಿತೆಂಬ ಕೃತಜ್ಞತೆ. ಇತರ ಕಡೆಗಳಲ್ಲಿ ತನ್ನ ಕೈದುಡಿಮೆಯಿಂದ ಹೊಟ್ಟೆ ಹೊರೆದು, ಯಾರಿಗೂ ಭಾರವಾಗಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡ ಅದೇ ಪೌಲನು ಈ ಒಂದು ಸಭೆಯಿಂದ ಮತ್ತೆ ಮತ್ತೆ ನೆರವು ಪಡೆದಿದ್ದನು. ಹಾಗೆ ಪಡೆದವನಿಗೇ ಅವರ ಮನೆಜಗಳಕ್ಕೆ ಸಲಿಗೆಯಿಂದ ಕೈಹಾಕುವ ಹಕ್ಕು ಬಂದಿತ್ತೆಂದು ನನಗನ್ನಿಸುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮೊಳಗಿನ ಒಂದು ಕಹಿ ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ದೇಶದ ಕೆಲವು ಕಡೆಗಳಲ್ಲಿ ದಲಿತ ಕ್ರೈಸ್ತರಿಗೆ ದೇವಾಲಯದಲ್ಲಿ ಬೇರೆ ಸಾಲು, ಸ್ಮಶಾನದಲ್ಲಿ ಬೇರೆ ಜಾಗ ಇಟ್ಟ ಉದಾಹರಣೆಗಳಿವೆ. ಅಂಥ ಕಡೆಗಳಲ್ಲಿಯೂ ದಾನಧರ್ಮಕ್ಕೆ ಕೊರತೆಯಿರಲಿಲ್ಲ. ಕೊಡುವುದು ಸುಲಭವಾಗಿತ್ತು, ಅವರ ಮನೆಯ ಅನ್ನವನ್ನು ಉಣ್ಣುವುದಕ್ಕೆ, ಅವರ ಮನೆಗೆ ನೆಂಟನಾಗಿ ಹೋಗುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ.

ಇಲ್ಲಿ ಪೇತ್ರನ ಮುಂದಿನ ಕಥೆಯನ್ನು ನೋಡಬೇಕು. ಯೇಸುಸ್ವಾಮಿಯ ಪುನರುತ್ಥಾನದ ಬಳಿಕ ಅವನು ಜೊಪ್ಪ ಎಂಬ ಕಡಲ ತೀರದ ಊರಿಗೆ ಹೋದಾಗ ಬಹಳ ದಿನ ಉಳಿದುಕೊಂಡದ್ದು ಚರ್ಮ ಹದಮಾಡುವ ಸಿಮೋನ ಎಂಬವನ ಮನೆಯಲ್ಲಿ. ಸತ್ತ ಪ್ರಾಣಿಗಳ ತೊಗಲಿನ ನಡುವೆ ದುಡಿಯುವ ಆ ಕಸುಬಿನವರನ್ನು ಮಡಿವಂತರು ದೂರವಿಡುತ್ತಿದ್ದರು. ಅಲ್ಲಿಂದ ಸೆಜರೇಯಕ್ಕೆ ಕರೆ ಬಂದಾಗ ರೋಮನ್ ಸೇನೆಯ ಶತಾಧಿಪತಿ ಕೊರ್ನೇಲಿಯನ ಮನೆಗೆ ಹೋದ. ಕೊರ್ನೇಲಿಯನು ಕಾಲಿಗೆ ಬಿದ್ದಾಗ, ಏಳು, ನಾನೂ ಒಬ್ಬ ಮನುಷ್ಯನೇ ಎಂದು ಹೇಳಿ ಎಬ್ಬಿಸಿದ. ಮನೆಯವರು ಕೆಲವು ದಿನ ಇರಬೇಕೆಂದು ಕೇಳಿಕೊಂಡರು. ಅವನು ಜೆರುಸಲೇಮಿಗೆ ಮರಳಿದಾಗ ಸ್ವಂತ ಜನರೇ ಅವನನ್ನು ತರಾಟೆಗೆ ತೆಗೆದುಕೊಂಡರು. ಪರಕೀಯರಿಗೆ ಏಕೆ ಬೋಧಿಸಿದೆ, ಏಕೆ ದೀಕ್ಷಾಸ್ನಾನ ಕೊಡಿಸಿದೆ ಎಂಬುದು ಅವರ ಮೊದಲ ಆಕ್ಷೇಪವಾಗಿರಲಿಲ್ಲ. ಅವರ ಮನೆಗೆ ಹೋಗಿ ಅವರೊಡನೆ ಊಟಮಾಡಿದೆಯಲ್ಲ ಎಂದು ಅವರು ಕೇಳಿದರು. ಪೇತ್ರನು ನಡೆದದ್ದನ್ನು ಮೊದಲಿನಿಂದ ಒಂದೊಂದಾಗಿ ವಿವರಿಸಿದನೆಂದು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಎಂಬ ಗ್ರಂಥದಲ್ಲಿ ಬರೆದಿದೆ. ಆ ವಿವರಣೆಯಲ್ಲಿ ಎಲ್ಲಿಯೂ, ನಾನು ಅಲ್ಲಿ ಊಟ ಮಾಡಲಿಲ್ಲ ಎಂಬ ಮಾತಿಲ್ಲ.

ನಮಸ್ಕಾರ.