ಕಾಡಿನೊಳಗೆ ಎಷ್ಟು ಮಂದಿ?

ಕೇಳುಗರಿಗೆ ನಮಸ್ಕಾರ.

ಉಷ್ಣವಲಯದ ರಾಷ್ಟ್ರೀಯ ಉದ್ಯಾನಗಳಲ್ಲಿ ಪರಿಸರ ಪ್ರವಾಸದ ಯೋಜನೆ ಹಾಕುವವರು ಸಾಮಾನ್ಯವಾಗಿ ಮೊದಲು ಕೇಳುವುದು, ದಿನಕ್ಕೆ ಎಷ್ಟು ಮಂದಿಯನ್ನು ಒಳಗೆ ಬಿಡಬಹುದು ಎಂದು. ಧಾರಣ ಸಾಮರ್ಥ್ಯ ಎಂಬ ಹೆಸರಿನ ಈ ಲೆಕ್ಕ ನೋಡಲು ಸರಳ. ಆದರೆ ಗೇಟಿನಲ್ಲಿ ತಲೆ ಎಣಿಸಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಹಾದಿ ಹಿಡಿದು ಸದ್ದಿಲ್ಲದೆ ನಡೆಯುವ ನೂರು ಮಂದಿಗಿಂತ, ಹಾದಿ ಬಿಟ್ಟು ಹಕ್ಕಿಗೂಡಿನ ಬಳಿಗೆ ನುಗ್ಗುವ ಹತ್ತು ಮಂದಿ ಹೆಚ್ಚು ಹಾನಿ ಮಾಡಬಲ್ಲರು. 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ತಜ್ಞರು ಈ ಪ್ರಶ್ನೆಯನ್ನೇ ಬದಲಿಸಿದರು. ಎಷ್ಟು ಬದಲಾವಣೆಯನ್ನು ಒಪ್ಪಿಕೊಳ್ಳಬಹುದು, ಅದನ್ನು ಯಾವ ಗುರುತಿನಿಂದ ಅಳೆಯಬೇಕು, ಮಿತಿ ಮೀರಿದಾಗ ಏನು ಮಾಡಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವ ಕ್ರಮ ಅವರದು.

ಒಂದು ಕಾಲುಹಾದಿಯನ್ನೇ ತೆಗೆದುಕೊಳ್ಳೋಣ. ಮಳೆಕಾಡಿನ ನೆಲಕ್ಕೆ ತರಗೆಲೆಯೇ ಹೊದಿಕೆ. ತುಳಿತಕ್ಕೆ ಸಿಕ್ಕಿ ಅದು ಸರಿದುಹೋದರೆ ಮಣ್ಣು ಗಟ್ಟಿಯಾಗುತ್ತದೆ, ಮಳೆನೀರು ಇಂಗದೆ ಹಾದಿಯ ಮೇಲೆಯೇ ಹರಿದು ತಗ್ಗಿನಲ್ಲಿ ಕೆಸರಾಗಿ ನಿಲ್ಲುತ್ತದೆ. ಬೂಟು ಒದ್ದೆಯಾದೀತೆಂದು ಒಬ್ಬರು ಪಕ್ಕದ ಸಸಿಗಳ ಮೇಲೆ ಕಾಲಿಟ್ಟರೆ ಹಿಂದಿನವರೆಲ್ಲ ಅದೇ ಹೆಜ್ಜೆ ಹಿಡಿಯುತ್ತಾರೆ. ಒಬ್ಬರು ನಡೆಯುವಷ್ಟಿದ್ದ ಹಾದಿ ಮಳೆಗಾಲ ಮುಗಿಯುವ ಹೊತ್ತಿಗೆ ಮೂವರು ಜೊತೆಯಾಗಿ ನಡೆಯುವಷ್ಟು ಅಗಲವಾಗಿರುತ್ತದೆ. ಗಿಡಗಳಿಗೆ ಆಗುವ ಹಾನಿಯ ದೊಡ್ಡ ಪಾಲು ಮೊದಮೊದಲ ತುಳಿತದಲ್ಲೇ ಆಗಿಹೋಗುತ್ತದೆ; ಆಮೇಲೆ ತುಳಿಯುವವರು ಹೆಚ್ಚಿದರೂ ಹಾನಿ ಅದೇ ವೇಗದಲ್ಲಿ ಏರುವುದಿಲ್ಲ. ಆದ್ದರಿಂದ ಒತ್ತಡ ಹಂಚಿಹೋಗಲೆಂದು ಜನರನ್ನು ಕಾಡಿನ ತುಂಬ ಚದುರಿಸುವುದು ತಪ್ಪು ಲೆಕ್ಕ. ಕೆಲವೇ ಹಾದಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಾಡಿ, ನೀರು ಹೊರಬೀಳಲು ದಾರಿ ಬಿಟ್ಟು, ಕೆಸರಿರುವಲ್ಲಿ ಹಲಗೆ ಹಾಸಿ, ಮಿಕ್ಕ ಕಾಡನ್ನು ಅದರ ಪಾಡಿಗೆ ಬಿಡುವುದು ಮೇಲು. ಯೋಜನಾ ವರದಿಯ ಬಣ್ಣದ ನಕ್ಷೆಗಳಿಗಿಂತ, ಸರಿಯಾದ ಜಾಗದಲ್ಲಿ ತೋಡಿದ ಒಂದು ಮೋರಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಸಮುದ್ರದಲ್ಲಿಯೂ ಇದೇ ಮಾತು. ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನವೊಂದಕ್ಕೆ ಸೇರಿದ ಮಾಯಾ ಕೊಲ್ಲಿಯಲ್ಲಿ ದೋಣಿಗಳ ಲಂಗರುಗಳಿಂದ ಹವಳ ಜರ್ಜರಿತವಾಗಿ, 2018ರ ಜೂನ್‌ನಲ್ಲಿ ಅದನ್ನು ಮುಚ್ಚಬೇಕಾಯಿತು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ಸಂಖ್ಯೆಗೆ ಮಿತಿ ಹಾಕಿದ್ದರ ಜೊತೆಗೆ ದೋಣಿ ನಿಲ್ಲುವ ಜಾಗವನ್ನೇ ಬದಲಿಸಿದ್ದರು: ಈಗ ಪ್ರವಾಸಿಗರು ದ್ವೀಪದ ಹಿಂಬದಿಯಲ್ಲಿ ಇಳಿದು ಕೊಲ್ಲಿಗೆ ನಡೆದೇ ಬರಬೇಕು. ಮುಚ್ಚಿದ್ದ ಅವಧಿಯಲ್ಲಿ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಕೊಲ್ಲಿಗೆ ಮರಳಿದ್ದವು.

ರುವಾಂಡಾದಲ್ಲಿ ಪರ್ವತ ಗೊರಿಲ್ಲಾಗಳ ಒಂದು ಗುಂಪನ್ನು ದಿನಕ್ಕೆ ಎಂಟು ಮಂದಿ, ಒಂದೇ ಗಂಟೆ ನೋಡಬಹುದು. ಮನುಷ್ಯರ ನೆಗಡಿಯಂಥ ಸೋಂಕು ಅವುಗಳ ಜೀವಕ್ಕೇ ಎರವಾಗಬಲ್ಲದಾದ್ದರಿಂದ ಕೆಮ್ಮುವವರಿಗೆ ಪ್ರವೇಶವಿಲ್ಲ. 2017ರಲ್ಲಿ ಅಲ್ಲಿನ ಸರ್ಕಾರ ಈ ಭೇಟಿಯ ಶುಲ್ಕವನ್ನು 750 ಡಾಲರಿನಿಂದ 1500 ಡಾಲರಿಗೆ ಏರಿಸಿತು. ಇಷ್ಟು ದುಬಾರಿಯಾದರೆ ಕಾಡು ಉಳ್ಳವರ ಸೊತ್ತಾಗುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೆ ಅದೇ ವರ್ಷ, ಉದ್ಯಾನದ ಆದಾಯದಲ್ಲಿ ಸುತ್ತಲಿನ ಊರುಗಳಿಗೆ ಸಲ್ಲುವ ಪಾಲು ಕೂಡ ಶೇಕಡಾ 5ರಿಂದ 10ಕ್ಕೆ ಏರಿತು. ಕಾಡಂಚಿನ ಹೊಲಕ್ಕೆ ರಾತ್ರಿ ಕಾಡೆಮ್ಮೆ ನುಗ್ಗಿದರೆ ಬೆಳೆ ಕಳೆದುಕೊಳ್ಳುವವರು ಆ ಊರುಗಳ ರೈತರೇ. ಆ ಪ್ರವಾಸಿಗರು ಅಷ್ಟರಲ್ಲಿ ವಿಮಾನ ಹತ್ತಿರುತ್ತಾರೆ.