ಪ್ರಶ್ನೆಯನ್ನು ಬಯಲಿಗೆ ತನ್ನಿ
(ಎಂಜಿನಿಯರುಗಳ ದಿನಾಚರಣೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಅಧ್ಯಕ್ಷರೇ, ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಹಾಜರಾತಿ ಕಡ್ಡಾಯ ಎಂಬ ಕಾರಣಕ್ಕಾದರೂ ಬಂದು ಕುಳಿತಿರುವ ವಿದ್ಯಾರ್ಥಿಗಳೇ,

ಕನ್ನಂಬಾಡಿ, ಭದ್ರಾವತಿ, ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟು ಎಲ್ಲವನ್ನೂ ನನಗಿಂತ ಮೊದಲು ಮಾತನಾಡಿದವರು ಹೇಳಿ ಮುಗಿಸಿದ್ದಾರೆ. ಮೇಣದ ಬತ್ತಿಯ ಕಥೆಯೂ ಆಯಿತು. ವಿಶ್ವೇಶ್ವರಯ್ಯನವರ ಬಗ್ಗೆ ನನಗೆ ಉಳಿದಿರುವುದು ಒಂದೇ ಸಂಗತಿ. 1911ರಲ್ಲಿ, ಇನ್ನೂ ದಿವಾನರಾಗದೆ ಮುಖ್ಯ ಎಂಜಿನಿಯರ್ ಆಗಿದ್ದಾಗಲೇ, ಅವರ ಒತ್ತಾಸೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಅಧಿಕಾರಿಗಳ ಜೊತೆಗೆ ಸರ್ಕಾರದ ಹೊರಗಿನವರೂ ಕುಳಿತು ಬೇಸಾಯ, ಶಿಕ್ಷಣ, ಕೈಗಾರಿಕೆಗಳನ್ನು ಚರ್ಚಿಸಲು ಮಾಡಿದ ಏರ್ಪಾಡು ಅದು. ಅಣೆಕಟ್ಟಿನ ಲೆಕ್ಕ ಹಾಕುತ್ತಿದ್ದ ಮನುಷ್ಯನಿಗೆ ಹತ್ತು ಜನ ಕೂತು ಮಾತಾಡುವುದೂ ಎಂಜಿನಿಯರಿಂಗಿನ ಕೆಲಸವೇ ಎಂದು ಹೊಳೆದಿತ್ತು. ನಮಗೆ ಅದು ಮರೆತುಹೋಗಿದೆ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ನಿಮ್ಮ ಪ್ರತಿ ಸೆಕ್ಷನ್ನಿಗೂ ಒಂದು ವಾಟ್ಸ್‌ಆ್ಯಪ್ ಗುಂಪು ಇದೆ. ಅಧ್ಯಾಪಕರಿರುವುದು ಒಂದು, ಇಲ್ಲದಿರುವುದು ಇನ್ನೊಂದು. ಎರಡನೆಯದರಲ್ಲಿ ಜೀವ ಹೆಚ್ಚು, ಗೊತ್ತು. ಒಳ್ಳೆಯ ಪ್ರಶ್ನೆಗಳೂ ಅಲ್ಲಿ ಬರುತ್ತವೆ, ಯಾರೋ ಪುಣ್ಯಾತ್ಮ ಒಳ್ಳೆಯ ಉತ್ತರವನ್ನೂ ಕೊಡುತ್ತಾನೆ. ಸಂಜೆಯ ಹೊತ್ತಿಗೆ ಐವತ್ತು ಹುಟ್ಟುಹಬ್ಬದ ಶುಭಾಶಯಗಳ ಅಡಿಯಲ್ಲಿ ಆ ಉತ್ತರ ಹೂತುಹೋಗಿರುತ್ತದೆ. ಮುಂದಿನ ವರ್ಷದ ಹುಡುಗಿ ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಿಕ್ಕ ಉತ್ತರ ಒಬ್ಬನಿಗೆ ಮಾತ್ರ ಸಿಕ್ಕ ಉತ್ತರ. ಈ ಮಾತನ್ನು ಇವತ್ತು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ನನಗೆ ಪ್ರಿಯವಾದ ಒಂದು ಜಗಳದ ಕಥೆ ಹೇಳುತ್ತೇನೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಗೊತ್ತಿರಬಹುದು, ಸಿವಿಲ್‌ನವರು ನಿದ್ದೆ ಹೋಗಬೇಡಿ, ನಿಮ್ಮ ಸರದಿಯೂ ಬರುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆಂಡ್ರ್ಯೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು. ಪಾಠಕ್ಕೆಂದೇ 1987ರಲ್ಲಿ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಬರೆದವರು. ಅದನ್ನು ಬಳಸುವವರೆಲ್ಲ ಸೇರಿ ಮಾತಾಡಲು ಯೂಸ್‌ನೆಟ್ ಎಂಬ ಹಳೆಯ ಕಾಲದ ಆನ್‌ಲೈನ್ ಚರ್ಚಾಜಾಲದಲ್ಲಿ ಒಂದು ಚಾವಡಿ ಇತ್ತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ಇಪ್ಪತ್ತೊಂದರ ಹುಡುಗನೊಬ್ಬ ಅಲ್ಲಿ ಬಂದು, ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಮಾಡುತ್ತಿದ್ದೇನೆ, ದೊಡ್ಡದೇನಲ್ಲ, ನಿಮಗೆ ಮಿನಿಕ್ಸ್‌ನಲ್ಲಿ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ತಿಳಿಸಿ ಎಂದು ಬರೆದ. ಹುಡುಗ ಲೈನಸ್ ಟೊರ್ವಾಲ್ಡ್ಸ್, ಅವನ ಹವ್ಯಾಸ ಲಿನಕ್ಸ್. ಆಂಡ್ರಾಯ್ಡ್ ಫೋನಿನ ಒಳಗೆ ಕೂತು ಆ ಹವ್ಯಾಸ ಇವತ್ತು ಈ ಸಭಾಂಗಣದ ಮುಕ್ಕಾಲು ಪಾಲು ಜೇಬುಗಳಲ್ಲಿದೆ. ದಯವಿಟ್ಟು ಅದನ್ನು ಸೈಲೆಂಟ್‌ಗೆ ಹಾಕಿ.

ಕಥೆಯ ರುಚಿ ಇರುವುದು ಆಮೇಲೆ. 1992ರ ಜನವರಿ 29ರಂದು ಪ್ರಾಧ್ಯಾಪಕರು ಅದೇ ಚಾವಡಿಯಲ್ಲಿ, ಲಿನಕ್ಸ್ ಹಳತಾಗಿ ಹೋದ ವಸ್ತು ಎಂದು ಘೋಷಿಸಿದರು. ಕರ್ನಲ್ಲಿಗೆ, ಅಂದರೆ ಸಿಸ್ಟಂನ ತಿರುಳಿಗೆ, ಅಗತ್ಯವಾದಷ್ಟನ್ನೇ ಕೊಟ್ಟು ಉಳಿದದ್ದನ್ನು ಹೊರಗಿಡಬೇಕು, ಈ ಹುಡುಗ ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದಾನೆ, ಅದೂ ಇಂಟೆಲ್‌ನ 386 ಎಂಬ ಒಂದೇ ಬಗೆಯ ಚಿಪ್ಪಿಗೆ ಅಂಟಿಸಿ ಎಂಬುದು ಆಕ್ಷೇಪ. ಹುಡುಗ ಅದೇ ದಿನ ಉರಿದುಬಿದ್ದು ಉತ್ತರ ಬರೆದ. ಮರುದಿನ, ಮಾತಿನ ಧಾಟಿ ತಪ್ಪಿತು, ಕ್ಷಮಿಸಿ ಎಂದ. ಪ್ರಾಧ್ಯಾಪಕರೂ ಕಡಿಮೆಯವರಲ್ಲ. ನೀನು ನನ್ನ ವಿದ್ಯಾರ್ಥಿ ಅಲ್ಲದಿರುವುದು ನಿನ್ನ ಅದೃಷ್ಟ, ಈ ವಿನ್ಯಾಸಕ್ಕೆ ಒಳ್ಳೆಯ ಅಂಕ ಸಿಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ಕುಟುಕಿದರು. ಇವೆರಡಕ್ಕೂ ಮಾದರಿಯಾದ ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಕೂಡ ನಡುವೆ ಬಂದು ಒಂದೆರಡು ಮಾತು ಸೇರಿಸಿ ಹೋದರು. ಯೋಚಿಸಿ, ನಿಮ್ಮ ವೈವಾ ಪರೀಕ್ಷೆ ಜಗತ್ತಿನೆದುರು ನಡೆಯುತ್ತಿದೆ, ನೀವು ಪರೀಕ್ಷಕರಿಗೆ ತಿರುಗಿ ಉತ್ತರ ಕೊಡುತ್ತಿದ್ದೀರಿ! ಮುಂದಿನ ಸಾಲಿನ ಅಧ್ಯಾಪಕರು ನನ್ನನ್ನು ಹೀಗೆ ನೋಡಬೇಡಿ, ದಂಗೆ ಏಳಲು ಹೇಳುತ್ತಿಲ್ಲ.

ಗೆದ್ದವರು ಯಾರು? 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೂ ಲಿನಕ್ಸ್ ಓಡಿಸುತ್ತಿವೆ. ಹುಡುಗ ಗೆದ್ದ ಎನ್ನೋಣವೇ? ಅದೇ 2017ರಲ್ಲಿ, ಇಂಟೆಲ್ ಚಿಪ್ಪುಗಳ ಒಳಗಿನ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಓಡುತ್ತಿರುವುದು ಮಿನಿಕ್ಸ್ ಎಂಬುದು ಬಯಲಾಯಿತು. ಟನೆನ್‌ಬಾಮ್ ಅವರಿಗೂ ಅದು ತಿಳಿದದ್ದು ಆಗಷ್ಟೇ, ಕಂಪನಿಗೆ ಬಹಿರಂಗ ಪತ್ರವನ್ನೇ ಬರೆದರು. ಗೆಲುವು ಯಾರದೇ ಆಗಲಿ, ಆ ಜಗಳ ಅಕ್ಷರಕ್ಷರವೂ ಇವತ್ತಿಗೂ ಓದಲು ಸಿಗುತ್ತದೆ. ಆಪರೇಟಿಂಗ್ ಸಿಸ್ಟಂ ವಿನ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪ್ರಾಧ್ಯಾಪಕರು ಅದನ್ನೇ ಹುಡುಗನಿಗೆ ಖಾಸಗಿ ಪತ್ರದಲ್ಲಿ ಬರೆದಿದ್ದರೆ? ಒಬ್ಬನಿಗೆ ಮಾತ್ರ ಸಿಕ್ಕ ಉತ್ತರ.

ಈಗ ಸಿವಿಲ್‌ನವರು. 2018ರ ಮಾರ್ಚ್ 15ರಂದು ಮಯಾಮಿಯಲ್ಲಿ, ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಬಳಿ ಕಟ್ಟುತ್ತಿದ್ದ ಪಾದಚಾರಿ ಸೇತುವೆ ಕುಸಿದು ಆರು ಜನ ಸತ್ತರು. ಬಿರುಕುಗಳು ಮೊದಲೇ ಕಂಡಿದ್ದವು. ಅವುಗಳ ಬಗ್ಗೆ ಅದೇ ಬೆಳಿಗ್ಗೆ ಸಭೆಯೂ ನಡೆದಿತ್ತು, ಕೆಳಗಿನ ರಸ್ತೆಯನ್ನು ಮುಚ್ಚಲಿಲ್ಲ. ವಿನ್ಯಾಸದ ಲೆಕ್ಕದಲ್ಲೇ ತಪ್ಪಿತ್ತು ಎಂದು ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ 2019ರಲ್ಲಿ ಹೇಳಿತು. ಆ ವರದಿ ಬರುವ ಮೊದಲೇ ಎಂಗ್-ಟಿಪ್ಸ್ ಎಂಬ ಎಂಜಿನಿಯರುಗಳ ಆನ್‌ಲೈನ್ ಚರ್ಚಾ ತಾಣದಲ್ಲಿ ಜಗತ್ತಿನ ಸ್ಟ್ರಕ್ಚರಲ್ ಎಂಜಿನಿಯರುಗಳು ಫೋಟೊ, ನಕ್ಷೆಗಳನ್ನು ಮುಂದಿಟ್ಟುಕೊಂಡು ಒಂದೊಂದು ಜೋಡಣೆಯನ್ನೂ ಬಿಡಿಸಿ ನೋಡಿದ್ದರು. ಒಬ್ಬರು ಊಹಿಸುವುದು, ಇನ್ನೊಬ್ಬರು ಲೆಕ್ಕ ಹಾಕಿ ಅಲ್ಲಗಳೆಯುವುದು. ಕಂತಿನ ಮೇಲೆ ಕಂತು. ಮುಚ್ಚಿದ ಕೋಣೆಯ ಸಭೆಗೂ ಬಯಲಿನ ಚರ್ಚೆಗೂ ಇರುವ ಅಂತರ ನೀವೇ ಅಳೆಯಿರಿ.

ಎಂಗ್-ಟಿಪ್ಸ್ ಎಂದೊಡನೆ ಮೊಬೈಲ್ ತೆಗೆದಿರಿ, ಸಂತೋಷ. ಆದರೆ ಅಲ್ಲಿ ವಿದ್ಯಾರ್ಥಿಗಳು ಕಾಲೇಜಿನ ಕೆಲಸದ ಪ್ರಶ್ನೆಗಳನ್ನು ಹಾಕುವಂತಿಲ್ಲ ಎಂಬ ನಿಯಮವಿದೆ. ಓದಬಹುದು. ನಿಮ್ಮ ಅಸೈನ್‌ಮೆಂಟ್ ಮಾಡಿಕೊಡಲು ಅವರು ಕುಳಿತಿಲ್ಲ, ಅಷ್ಟೇ. ಎಲೆಕ್ಟ್ರಾನಿಕ್ಸ್‌ನವರಿಗೆ ಆಸ್ಟ್ರೇಲಿಯಾದ ಡೇವ್ ಜೋನ್ಸ್ ಅವರ ಇಇವಿಬ್ಲಾಗ್ ಎಂಬ ವಿಡಿಯೊ ಬ್ಲಾಗಿನ ಬಳಗವಿದೆ. ಉಪಕರಣ ಸಿಕ್ಕರೆ ಆನ್ ಮಾಡಬೇಡಿ, ಮೊದಲು ಬಿಚ್ಚಿ ನೋಡಿ ಎನ್ನುವ ಜನ. ಹಾಸ್ಟೆಲ್ಲಿನ ಗೀಸರ್ ಮೇಲೆ ಮಾತ್ರ ಪ್ರಯೋಗ ಬೇಡ.

ಕೇಳುವ ಬಗೆಗೊಂದು ಮಾತು. ಪ್ರಾಜೆಕ್ಟ್ ಸಲ್ಲಿಕೆಯ ಹಿಂದಿನ ರಾತ್ರಿ ಬರುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಸರ್, ರೋಬೋಟ್ ಓಡುತ್ತಿಲ್ಲ, ಅರ್ಜೆಂಟ್, ನಾಳೆ ಡೆಮೊ.’ ಇದಕ್ಕೆ ಬ್ರಹ್ಮನೂ ಉತ್ತರ ಕೊಡಲಾರ. ಇದನ್ನೇ ಬಿಡಿಸಿ ಬರೆಯಿರಿ. ರೋಬೋಟ್ ನಡೆಸುವ ಆರ್ಡುಯಿನೊ ಊನೊ ಬೋರ್ಡು, ಮೋಟರಿಗೆ ಕರೆಂಟ್ ಹಾಯಿಸುವ ಎಲ್298 ಡ್ರೈವರು, ಎರಡು ಮೋಟರು, ಒಂಬತ್ತು ವೋಲ್ಟಿನ ಚೌಕದ ಬ್ಯಾಟರಿ. ಮೋಟರ್ ಬಿಚ್ಚಿಟ್ಟರೆ ಬೋರ್ಡು ಸರಿ ಇರುತ್ತದೆ, ಜೋಡಿಸಿದರೆ ರೀಸೆಟ್ ಆಗುತ್ತದೆ. ಬ್ಯಾಟರಿಯ ತುದಿಗಳಲ್ಲಿ ಮೀಟರ್ ಇಟ್ಟೆ, ಮೋಟರ್ ತಿರುಗಲು ಹೊರಟೊಡನೆ ವೋಲ್ಟೇಜ್ ಪಾತಾಳಕ್ಕಿಳಿಯಿತು. ಇಷ್ಟು ಬರೆಯುವಷ್ಟರಲ್ಲಿ ನಿಮಗೇ ಗೊತ್ತಾಗಿರುತ್ತದೆ, ಆ ಪುಟ್ಟ ಬ್ಯಾಟರಿಗೆ ಅಷ್ಟು ಕರೆಂಟ್ ಕೊಡುವ ತಾಕತ್ತಿಲ್ಲ, ಮೇಲೆ ಆ ಹಳೆಯ ಡ್ರೈವರು ತಾನೇ ಎರಡು ವೋಲ್ಟಿನಷ್ಟು ನುಂಗುತ್ತದೆ. ಪ್ರಶ್ನೆಯನ್ನು ಕಳುಹಿಸುವ ಅಗತ್ಯವೇ ಬೀಳುವುದಿಲ್ಲ. ಆದರೂ ಕಳುಹಿಸಿ, ಕೆಳಗೆ ಉತ್ತರವನ್ನೂ ನೀವೇ ಬರೆಯಿರಿ. ಅದೇ ಬ್ಯಾಟರಿ ಕೊಂಡು ತಂದವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಬಗ್ಗೆ ದೊಡ್ಡ ಭಾಗವನ್ನೇ ಬರೆದುಕೊಂಡು ಬಂದಿದ್ದೆ, ಎರಡು ಮಾತಿಗೆ ಇಳಿಸುತ್ತೇನೆ. 2008ರಲ್ಲಿ ಹುಟ್ಟಿದ್ದು. ಅಲ್ಲಿ ಹೊಸಬರನ್ನು ಗದರಿಸುವ ಚಟವಿತ್ತು, ನಿಜ, ಅದನ್ನು ನಾನು ಸಮರ್ಥಿಸುವುದಿಲ್ಲ. 2022ರ ಡಿಸೆಂಬರಿನಲ್ಲಿ, ಚಾಟ್‌ಜಿಪಿಟಿ ಬಂದ ಕೆಲವೇ ದಿನಗಳಲ್ಲಿ, ಯಂತ್ರ ಬರೆದ ಉತ್ತರಗಳನ್ನು ಅಲ್ಲಿ ನಿಷೇಧಿಸಿದರು. ಆಮೇಲೆ ಪ್ರಶ್ನೆ ಕೇಳುವವರೇ ಬಹಳ ಕಡಿಮೆಯಾದರು, ಎಲ್ಲರೂ ಯಂತ್ರವನ್ನೇ ಕೇಳುತ್ತಿದ್ದಾರೆ. ನೀವೂ ಕೇಳಿ, ನಾನೂ ಕೇಳುತ್ತೇನೆ. ಆದರೆ ಅದಕ್ಕೆ ಅಷ್ಟು ತಿಳಿವಳಿಕೆ ಬಂದದ್ದರಲ್ಲಿ ಬಯಲಿನಲ್ಲಿ ಜನ ಬರೆದಿಟ್ಟ ಉತ್ತರಗಳ ಪಾಲು ದೊಡ್ಡದು. ಅದು ನಿಮಗೆ ಕೊಟ್ಟ ಉತ್ತರ ಮತ್ತೆ ನಿಮ್ಮೊಬ್ಬರ ಪರದೆಯ ಮೇಲೆಯೇ ಉಳಿಯುತ್ತದೆ. ಮೂರನೇ ಸಲ ಹೇಳಿದೆನೇ? ಸರಿ.

ಕನ್ನಡದಲ್ಲಿ ಇಂಥ ಚರ್ಚೆ ಹೇಗೆ ನಡೆಯಬೇಕು ಎಂಬ ಪುಟವನ್ನು ಬಿಡುತ್ತಿದ್ದೇನೆ, ಮೆಕ್ಯಾನಿಕಲ್‌ನವರಿಗೆ ಮೀಸಲಿಟ್ಟ ಭಾಗವನ್ನೂ. ಕ್ಷಮಿಸಿ, ಊಟದ ವಾಸನೆಯ ಎದುರು ನನ್ನ ವಾದ ನಿಲ್ಲುವುದಿಲ್ಲ.

ಪ್ರಶ್ನೋತ್ತರಕ್ಕೆ ಹತ್ತು ನಿಮಿಷ ಇದೆಯಂತೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಸ್ವಯಂಸೇವಕರ ಕೈಗೆ ಕೊಡಬೇಕು ಎಂದು ಆಗ ಪ್ರಕಟಿಸಿದರು. ಅಧ್ಯಕ್ಷರ ಅನುಮತಿ ಬೇಡಿ ಆ ವ್ಯವಸ್ಥೆಯನ್ನು ರದ್ದು ಮಾಡುತ್ತಿದ್ದೇನೆ. ಹೆಸರು, ಬ್ರ್ಯಾಂಚ್ ಹೇಳಿ, ಎದ್ದು ನಿಂತು ಕೇಳಿ. ಮೈಕು ಎಲ್ಲಿದೆ?