ಮ್ಯಾಡ್ರಿಡ್‌ನ ಕಬ್ಬಿಣದ ಮಾರುಕಟ್ಟೆಯಲ್ಲಿ ತುತ್ತು ತುತ್ತಾಗಿ

ಕೇಳುಗರಿಗೆ ನಮಸ್ಕಾರ.

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನ ನಡುಮಧ್ಯೆ ಪ್ಲಾಸಾ ಮಾಯೋರ್ ಎಂಬ ದೊಡ್ಡ ಚೌಕವಿದೆ. ಅದರ ಪಶ್ಚಿಮದ ಕಡೆಯಿಂದ ಹೊರಬಂದರೆ ಎದುರಿಗೇ ಕಬ್ಬಿಣ ಮತ್ತು ಗಾಜಿನ ಒಂದು ಕಟ್ಟಡ. ಅದೇ ಮೆರ್ಕಾದೋ ದೆ ಸಾನ್ ಮಿಗೆಲ್. ಮೆರ್ಕಾದೋ ಎಂದರೆ ಮಾರುಕಟ್ಟೆ. ಹೆಸರು ನಂಬಿ ಸೊಪ್ಪು ತರಕಾರಿಗೆ ಚೀಲ ಹಿಡಿದು ಹೋದವರಿಗೆ ನಿರಾಸೆಯಾಗುತ್ತದೆ. ಇವತ್ತು ಅದು ನಿಂತು ತಿನ್ನುವ ಚಾವಡಿ. ಇಪ್ಪತ್ತಕ್ಕೂ ಹೆಚ್ಚು ಮಳಿಗೆಗಳು, ಒಂದೊಂದರಲ್ಲಿ ಒಂದೊಂದು ಬಗೆ. ಇಲ್ಲಿ ಹೊಟ್ಟೆ ತುಂಬ ಊಟ ಹುಡುಕಿದರೆ ದುಬಾರಿ. ಸ್ಪೇನಿನ ರುಚಿಗಳನ್ನು ಒಂದೇ ಸೂರಿನಡಿ, ಒಂದೊಂದು ತುತ್ತಿನಂತೆ ಪರಿಚಯ ಮಾಡಿಕೊಳ್ಳಲು ಹೋದರೆ ಕೊಟ್ಟ ದುಡ್ಡು ಸಾರ್ಥಕ.

ಒಳಗೆ ಹೋಗುವ ಮುಂಚೆ ಐದು ನಿಮಿಷ ಹೊರಗೆ ನಿಂತು ನೋಡಿ. ಈ ಜಾಗದಲ್ಲಿ ಸಾನ್ ಮಿಗೆಲ್ ದೆ ಲೋಸ್ ಓಕ್ತೋಯೆಸ್ ಎಂಬ ಇಗರ್ಜಿ ಇತ್ತು. ನೆಪೋಲಿಯನ್‌ನ ಅಣ್ಣ ಜೋಸೆಫ್ ಬೊನಪಾರ್ಟ್ ಸ್ಪೇನಿನ ದೊರೆಯಾಗಿದ್ದಾಗ ಅದನ್ನು ಕೆಡವಿಸಿದ. ಇಕ್ಕಟ್ಟಾದ ಊರಿನಲ್ಲಿ ಹೀಗೆ ಕೆಡವಿ ಕೆಡವಿ ಚೌಕಗಳನ್ನು ತೆರೆದದ್ದಕ್ಕೆ ಜನ ಅವನನ್ನು ‘ಚೌಕಗಳ ದೊರೆ’ ಎಂದೇ ಕರೆದರು. ಬಯಲಾದ ಜಾಗದಲ್ಲಿ ಸಂತೆ ಕೂಡಿತು. ಆ ಬಯಲು ಸಂತೆಗೆ ವಾಸ್ತುಶಿಲ್ಪಿ ಅಲ್ಫೊನ್ಸೋ ದುಬೆ ಈ ಕಬ್ಬಿಣದ ಸೂರು ಹಾಕಿದ. ವ್ಯಾಪಾರ ನಿಲ್ಲಬಾರದೆಂದು ಅರ್ಧರ್ಧವಾಗಿ, ಎರಡು ಹಂತದಲ್ಲಿ ಕಟ್ಟಿದರು. 1916ರ ಮೇ 13ರಂದು ಅದು ಪೂರ್ತಿಯಾಗಿ ತೆರೆಯಿತು. ತೆಳ್ಳನೆಯ ಕಂಬಗಳು ಚಾವಣಿಯ ಭಾರ ಹೊತ್ತಿರುವುದರಿಂದ ದಪ್ಪ ಗೋಡೆಗಳ ಅಗತ್ಯವೇ ಇಲ್ಲ. ಹಾಗಾಗಿ ಒಳಗಿನ ಬೆಳಕು ಹೊರಗಿಗೂ, ಹೊರಗಿನ ಬೆಳಕು ಒಳಗಿಗೂ ಬರುತ್ತದೆ. ಮ್ಯಾಡ್ರಿಡ್‌ನ ಬೇರೆ ಎರಡು ದೊಡ್ಡ ಕಬ್ಬಿಣದ ಮಾರುಕಟ್ಟೆಗಳು, ಲಾ ಸೆಬಾದಾ ಮತ್ತು ಲೋಸ್ ಮೊಸ್ತೆನ್ಸೆಸ್, ಇಪ್ಪತ್ತನೆಯ ಶತಮಾನದಲ್ಲಿ ನೆಲಸಮವಾದವು. ಇದು ಉಳಿಯಿತು. ಸೂಪರ್‌ಮಾರ್ಕೆಟ್‌ಗಳು ಬಂದು ಗಿರಾಕಿಗಳು ಕರಗಿದಾಗ ಖಾಸಗಿ ಹೂಡಿಕೆದಾರರು ಇದನ್ನು ಕೊಂಡು ದುರಸ್ತಿ ಮಾಡಿ, 2009ರಲ್ಲಿ ಅದೇ ಮೇ 13ರಂದು ತಿನಿಸಿನ ಚಾವಡಿಯಾಗಿ ಮತ್ತೆ ತೆರೆದರು. ಅಕ್ಕಪಕ್ಕದ ಮನೆಯವರು ನಿತ್ಯ ಬರುತ್ತಿದ್ದ ಸಂತೆ ಹೋಯಿತು ಎಂಬ ಕೊರಗು ನಿಜವಾದದ್ದೇ. ಕಟ್ಟಡ ಕಣ್ಣೆದುರಿಗೆ ನಿಂತಿದೆ ಎಂಬುದೂ ನಿಜ.

ಇನ್ನು ಹೊತ್ತಿನ ಮಾತು. ಸ್ಪೇನಿನವರ ಮಧ್ಯಾಹ್ನದ ಊಟ 2ರಿಂದ 4, ರಾತ್ರಿಯೂಟ 9ರ ಮೇಲೆ. ಈ ಎರಡು ಹೊತ್ತಿನಲ್ಲೂ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಭಾನುವಾರ ಮಧ್ಯಾಹ್ನ ಇನ್ನೂ ಕಷ್ಟ. ಹತ್ತಿರದಲ್ಲೇ ಎಲ್ ರಾಸ್ತ್ರೋ ಎಂಬ ಹಳೆಸಾಮಾನಿನ ಸಂತೆ ನಡೆಯುತ್ತದೆ, ಅಲ್ಲಿ ಸುತ್ತಾಡಿದವರೆಲ್ಲ ಇಲ್ಲಿಗೆ ಬರುತ್ತಾರೆ. ವಾರದ ದಿನಗಳಲ್ಲಿ ಬೆಳಗ್ಗೆ 11ರಿಂದ 12.30, ಇಲ್ಲವೇ ಸಂಜೆ 5ರಿಂದ 7 ಒಳ್ಳೆಯದು. ಕೂರುವ ಜಾಗ ಕಡಿಮೆ, ನಿಂತೇ ತಿನ್ನಬೇಕು. ಜನಜಂಗುಳಿಯಲ್ಲಿ ಜೇಬುಗಳ್ಳರ ಕಾಟವಿದೆ. ಚೀಲ ಎದೆಯ ಮುಂದೆ ಇರಲಿ.

ಮೊದಲ ಸುತ್ತು ಬರಿಗೈಯಲ್ಲಿ ಹಾಕಿ. ಬಾಗಿಲ ಬಳಿಯ ಮೊದಲ ಮಳಿಗೆಯಲ್ಲೇ ದೊಡ್ಡ ತಟ್ಟೆ ತೆಗೆದುಕೊಂಡು ಅಲ್ಲಿಗೇ ಹೊಟ್ಟೆ ತುಂಬಿಸಿಕೊಳ್ಳುವುದು ಹೊಸಬರು ಮಾಡುವ ದೊಡ್ಡ ತಪ್ಪು. ಎರಡನೆಯ ಸುತ್ತಿನಲ್ಲಿ ಉಪ್ಪು ಹುಳಿಯದ್ದರಿಂದ ಶುರು ಮಾಡಿ: ಆಲಿವ್ ಕಾಯಿ, ಉಪ್ಪಿನಲ್ಲಿ ಹದಮಾಡಿದ ಆಂಚೊವಿ ಮೀನು, ಉಪ್ಪಿನಕಾಯಿ ಹಾಕಿದ ಹಸಿಮೆಣಸಿನಕಾಯಿ, ಈ ಮೂರನ್ನೂ ಒಂದು ಕಡ್ಡಿಗೆ ಚುಚ್ಚಿದ ಹಿಲ್ದಾ. ಕರಿದದ್ದನ್ನು ಬಾಣಲೆಯಿಂದ ಇಳಿದ ಕೂಡಲೇ ತಿನ್ನಬೇಕು. ಕ್ರೊಕೇತಾ ಎಂಬ ಉಂಡೆಯ ಒಳಗಿರುವುದು ಹಿಟ್ಟು ಹುರಿದು ಹಾಲು ಹಾಕಿ ಕೂಡಿಸಿದ ಗಟ್ಟಿ ಗಂಜಿ. ಅದನ್ನು ಚೆನ್ನಾಗಿ ತಣಿಸಿ ಗಟ್ಟಿಯಾದ ಮೇಲೆ ಉಂಡೆ ಕಟ್ಟದಿದ್ದರೆ ಎಣ್ಣೆಯಲ್ಲಿ ಒಡೆಯುತ್ತದೆ. ಕರಿದಿಟ್ಟು ಮತ್ತೆ ಬಿಸಿಮಾಡಿ ಕೊಟ್ಟರೆ ಹೊರಗಿನ ಗರಿಗರಿ ಹೋಗಿ ಮೆತ್ತಗಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಬಹಳ ಹೊತ್ತಿನಿಂದ ಕುಳಿತ ಉಂಡೆಯ ಮೇಲೆ ದುಡ್ಡು ಹಾಕಬೇಡಿ.

ಮಾಂಸ ತಿನ್ನುವವರು ಇಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಹಾಮೋನ್‌ಗೆ. ಹಂದಿಯ ಹಿಂಗಾಲಿನ ತೊಡೆಗೆ ಉಪ್ಪು ಹಾಕಿ, ತೊಳೆದು, ಗಾಳಿಗೆ ತೂಗುಹಾಕಿ ವರ್ಷಗಟ್ಟಲೆ ಒಣಗಿಸಿದ್ದು ಅದು. ಇಬೇರಿಕೊ ಎಂಬ ತಳಿಯ ಹಾಮೋನ್‌ಗೆ 2014ರ ಕಾನೂನಿನಂತೆ ನಾಲ್ಕು ಬಣ್ಣದ ಪಟ್ಟಿಗಳಿವೆ. ಕಾಲಿನ ಗೊರಸಿನ ಮೇಲುಗಡೆ ಕಟ್ಟಿರುತ್ತಾರೆ. ಕಪ್ಪು ಎಂದರೆ ಅಪ್ಪಟ ತಳಿ, ಓಕ್ ಕಾಡಿನಲ್ಲಿ ಉದುರಿದ ಕಾಯಿ ಮೆಂದು ಕೊಬ್ಬಿದ್ದು. ಕೆಂಪು ಎಂದರೆ ಅದೇ ಮೇವು, ಬೆರಕೆ ತಳಿ. ಹಸಿರು ಎಂದರೆ ಬಯಲಿನಲ್ಲಿ ಮೇಯ್ದು ಕಾಳಿನ ಮೇವನ್ನೂ ತಿಂದದ್ದು. ಬಿಳಿ ಎಂದರೆ ಕೊಟ್ಟಿಗೆಯಲ್ಲೇ ಬೆಳೆದದ್ದು. ‘ಪಾತಾ ನೇಗ್ರಾ’, ಅಂದರೆ ‘ಕರಿಗಾಲು’ ಎಂಬ ಹೆಸರು ಕಪ್ಪು ಪಟ್ಟಿಗೆ ಮಾತ್ರ ಸಲ್ಲುತ್ತದೆ. ಬೆಲೆ ಕೇಳುವ ಮುಂಚೆ ಪಟ್ಟಿಯ ಬಣ್ಣ ನೋಡಿ. ಓಕ್ ಕಾಯಿ ತಿಂದ ಹಂದಿಯ ಕೊಬ್ಬಿನಲ್ಲಿ ಆಲಿವ್ ಎಣ್ಣೆಯಲ್ಲಿರುವ ಒಲೇಯಿಕ್ ಆಮ್ಲವೇ ಹೆಚ್ಚಾಗಿರುವುದರಿಂದ ಬೆರಳ ಬಿಸಿಗೇ ಅದು ಕರಗತೊಡಗುತ್ತದೆ. ಆದ್ದರಿಂದಲೇ ಹಾಮೋನ್ ಕೋಣೆಯ ಬಿಸುಪಿನಲ್ಲಿರಬೇಕು; ಫ್ರಿಜ್ಜಿನಿಂದ ನೇರ ಬಾಯಿಗೆ ಹೋದರೆ ಕೊಬ್ಬು ಮೇಣದಂತೆ ಅಂಟುತ್ತದೆ, ಪರಿಮಳ ಬರುವುದಿಲ್ಲ. ಮಾಂಸದಲ್ಲಿ ಕಾಣುವ ಸಣ್ಣ ಬಿಳಿ ಚುಕ್ಕೆ ಬೂಷ್ಟಲ್ಲ, ಟೈರೊಸಿನ್ ಎಂಬ ಅಮೈನೊ ಆಮ್ಲದ ಹರಳು. ನಿಧಾನವಾಗಿ ಪಕ್ವವಾಯಿತೆಂಬ ಗುರುತು.

ಫಲಕದಲ್ಲಿ ಬರೆದ ಬೆಲೆ ಕಿಲೋಗೋ, 100 ಗ್ರಾಂಗೋ, ತಟ್ಟೆಗೋ ಎಂದು ಓದಿಕೊಳ್ಳಿ. ಕಿಲೋಗೆ 150 ಯೂರೋ ಇದ್ದರೆ 80 ಗ್ರಾಂಗೆ 12 ಯೂರೋ ಆಗುತ್ತದೆ. ಇಬ್ಬರಿಗೆ 80 ಗ್ರಾಂ ಸಾಕು. ಮುಂಗಾಲಿನದ್ದಕ್ಕೆ ಪಲೇತಾ ಎನ್ನುತ್ತಾರೆ. ಮೂಳೆ ಹೆಚ್ಚು, ಬೆಲೆ ಕಡಿಮೆ. ಅದನ್ನೇ ಹಾಮೋನ್ ಎಂದು ತಿಳಿದು ಕೊಳ್ಳಬೇಡಿ.

ಸಸ್ಯಾಹಾರಿಗಳಿಗೆ ಇಲ್ಲಿ ಎಚ್ಚರ ಬೇಕು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಟ್ಯೂನಾ ಮೀನೋ ಹಾಮೋನ್ ಚೂರೋ ತಟ್ಟೆಗೆ ಬರಬಹುದು. ಇಡೀ ವಾಕ್ಯ ಹೇಳಿ: ನೋ ಕೋಮೋ ಕಾರ್ನೆ, ನಿ ಪೆಸ್ಕಾದೋ, ನಿ ಹಾಮೋನ್. ನಾನು ಮಾಂಸ, ಮೀನು, ಹಾಮೋನ್ ತಿನ್ನುವುದಿಲ್ಲ ಎಂದು ಅರ್ಥ. ಮೋಸ ಹೋಗುವ ಜಾಗಗಳು ಗೊತ್ತಿರಲಿ. ಆಲಿವ್ ಕಾಯಿಯ ಒಳಗೆ ಆಂಚೊವಿ ಮೀನು ತುಂಬಿರುವುದು ಸ್ಪೇನಿನಲ್ಲಿ ಸರ್ವೇಸಾಮಾನ್ಯ. ಸಾಲ್ಮೊರೆಖೋ ಎಂಬ ತಣ್ಣನೆಯ ಟೊಮೆಟೊ ಸಾರಿನ ಮೇಲೆ ಹಾಮೋನ್, ಮೊಟ್ಟೆ ಉದುರಿಸುತ್ತಾರೆ. ಆಲೂಗಡ್ಡೆಯ ಪತಾತಾಸ್ ಬ್ರಾವಾಸ್‌ನ ಕೆಂಪು ಗೊಜ್ಜಿಗೆ ಕೆಲವರು ಮಾಂಸದ ಕಟ್ಟು ಹಾಕುತ್ತಾರೆ. ಮಾಂತೆಕಾದೋ ಎಂಬ ಪುಡಿಯಾಗುವ ಬಿಸ್ಕತ್ತಿನಲ್ಲಿರುವುದು ಹಂದಿಯ ಕೊಬ್ಬು. ಯುರೋಪಿನ ಕಾನೂನಿನಂತೆ ಪ್ರತಿ ಮಳಿಗೆಯೂ 14 ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕು. ಆ ಪಟ್ಟಿಯಲ್ಲಿ ಮೀನು, ಮೊಟ್ಟೆ, ಹಾಲು ಇವೆ; ಹಂದಿಮಾಂಸ ಇಲ್ಲ, ಏಕೆಂದರೆ ಅದು ಆ 14ರಲ್ಲಿ ಸೇರಿಲ್ಲ. ಹಾಗಾಗಿ ಪಟ್ಟಿ ನೋಡಿ ಸುಮ್ಮನಾಗದೆ ‘ಯೇವಾ ಹಾಮೋನ್?’, ಇದರಲ್ಲಿ ಹಾಮೋನ್ ಇದೆಯೇ, ಎಂದು ಬಾಯಿಬಿಟ್ಟು ಕೇಳಬೇಕು.

ಸಿಗುವುದೂ ಬೇಕಾದಷ್ಟಿದೆ. ಮಾಂಚೇಗೋ ಚೀಸ್ ಕುರಿಹಾಲಿನದ್ದು. ಅದರ ಹೆಪ್ಪು ಸಾಮಾನ್ಯವಾಗಿ ಕರುವಿನ ಅಥವಾ ಕುರಿಮರಿಯ ಜಠರದಿಂದ ಬಂದದ್ದು. ಅದು ಒಗ್ಗದವರು ತೋರ್ತಾ ದೆಲ್ ಕಾಸಾರ್ ಕೇಳಲಿ. ಇದಕ್ಕೆ ಒಂದು ಬಗೆಯ ಮುಳ್ಳುಗಿಡದ ಹೂವಿನ ರಸದಿಂದ ಹೆಪ್ಪು ಹಾಕುತ್ತಾರೆ. ಮೇಲಿನ ಗಟ್ಟಿ ಪದರ ಕೊಯ್ದು ತೆಗೆದರೆ ಒಳಗೆ ಬೆಣ್ಣೆಯಂತೆ ಮೃದು, ತುಸು ಕಹಿ. ಬ್ರೆಡ್ಡನ್ನು ಅದರಲ್ಲಿ ಅದ್ದಿ ತಿನ್ನಬೇಕು. ಬದನೆಪ್ರಿಯರು ಅಲ್ಮಾಗ್ರೋ ಊರಿನ ಎಳೆ ಬದನೆಯ ಉಪ್ಪಿನಕಾಯಿ ಕಂಡರೆ ಬಿಡಬೇಡಿ. ವಿನೆಗರ್, ಬೆಳ್ಳುಳ್ಳಿ, ಜೀರಿಗೆ, ಕೆಂಪು ಮೆಣಸಿನ ಪುಡಿ ಹಾಕಿದ್ದು. ನಮ್ಮ ನಾಲಿಗೆಗೆ ತಕ್ಷಣ ಗುರುತು ಸಿಗುತ್ತದೆ. ಪದ್ರೋನ್ ಮೆಣಸಿನಕಾಯಿಯನ್ನು ಇಡಿಯಾಗಿ ಆಲಿವ್ ಎಣ್ಣೆಯಲ್ಲಿ ಬಾಡಿಸಿ ಹರಳುಪ್ಪು ಉದುರಿಸುತ್ತಾರೆ. ‘ಕೆಲವು ಖಾರ, ಕೆಲವು ಅಲ್ಲ’ ಎಂದೇ ಅದರ ಗಾದೆ. ಬೇಸಿಗೆ ಬಲಿತಂತೆ ಖಾರದ ಕಾಯಿ ಹೆಚ್ಚು.

ಮೆಣಸಿನಕಾಯಿಯ ಮಾತು ಬಂದಾಗ ಒಂದು ಸಂಗತಿ ಹೇಳಬೇಕು. ಅಮೆರಿಕದಿಂದ ಬಂದ ಹೊಸ ಕಾಯಿಯ ಖಾರ ಕಂಡ ಸ್ಪೇನಿನವರು ತಮಗೆ ಗೊತ್ತಿದ್ದ ಕರಿಮೆಣಸಿನ ಹೆಸರು ‘ಪಿಮಿಯೆಂತಾ’ವನ್ನು ತುಸು ಬದಲಿಸಿ ‘ಪಿಮಿಯೆಂತೋ’ ಎಂದರು. ನಾವೂ ಮೆಣಸಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಎಂದೆವು. ಸಮುದ್ರದ ಆಚೆಈಚೆ ಇದ್ದವರಿಗೆ ಹೊಳೆದದ್ದು ಒಂದೇ ದಾರಿ. ಮನೆಗೆ ಒಯ್ಯಲು ನನ್ನ ಶಿಫಾರಸೂ ಇದೇ: ಲಾ ವೇರಾ ಕಣಿವೆಯ ಪಿಮೆಂತೋನ್ ಪುಡಿಯ ಪುಟ್ಟ ಡಬ್ಬಿ. ಓಕ್ ಸೌದೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಿ ಬೀಸಿದ್ದು. ‘ದುಲ್ಸೆ’ ಎಂದರೆ ಬ್ಯಾಡಗಿಯಂತೆ ಬಣ್ಣ ಹೆಚ್ಚು, ಖಾರ ಕಡಿಮೆ, ‘ಪಿಕಾಂತೆ’ ಖಾರ. ಬಿಸಿ ಎಣ್ಣೆಗೆ ಹಾಕಿ ಕ್ಷಣ ಬಿಟ್ಟರೆ ಸೀದು ಕಹಿಯಾಗುತ್ತದೆ. ಒಲೆ ಆರಿಸಿದ ಮೇಲೆ ಹಾಕಿ.

ಸಾನ್ ಮಿಗೆಲ್ ನೋಡಿದ ದಿನವೇ ಲಾ ಸೆಬಾದಾಕ್ಕೂ ಹೋಗಿ, ಹತ್ತು ನಿಮಿಷದ ನಡಿಗೆ. ಅಲ್ಲಿನ ಈಗಿನ ಕಟ್ಟಡ ಕಾಂಕ್ರೀಟಿನದ್ದು, ಚೆಲುವೇನಿಲ್ಲ, ಆದರೆ ಮೀನು, ಕಾಳು, ಹಣ್ಣು ಕೊಳ್ಳುವ ಮನೆಯವರು ಬರುವುದು ಅಲ್ಲಿಗೇ. ಇಂಥ ನಿತ್ಯದ ಮಾರುಕಟ್ಟೆಗಳಲ್ಲಿ ಹಲವು ಮಳಿಗೆಗಳು ಮಧ್ಯಾಹ್ನ 2ರಿಂದ 5ರವರೆಗೆ ಬಾಗಿಲು ಹಾಕುತ್ತವೆ, ಬೆಳಗ್ಗೆಯೇ ಹೋಗುವುದು ಲೇಸು. ಸರದಿಯ ಸಾಲು ಕಣ್ಣಿಗೆ ಕಾಣುವುದಿಲ್ಲ. ಮಳಿಗೆಯ ಮುಂದೆ ಜನ ಅಲ್ಲಲ್ಲಿ ನಿಂತಿರುತ್ತಾರೆ. ಹೋದ ಕೂಡಲೇ ಎಲ್ಲರಿಗೂ ಕೇಳುವಂತೆ ‘ಕಿಯೇನ್ ಎಸ್ ಎಲ್ ಉಲ್ತಿಮೋ?’, ಕೊನೆಯವರು ಯಾರು, ಎಂದು ಕೇಳಿ. ಒಬ್ಬರು ಕೈಯೆತ್ತುತ್ತಾರೆ. ಅವರಾದ ಮೇಲೆ ನಿಮ್ಮ ಸರದಿ. ನಿಮ್ಮ ಹಿಂದೆ ಬಂದವರು ಕೇಳಿದಾಗ ಕೈಯೆತ್ತಬೇಕಾದವರು ನೀವು.

ನಮಸ್ಕಾರ.